ಪ್ರತಿ ಶಾಲೆಯ ಅಂಗಳದಲ್ಲೂ ಒಂದು ಮಳೆಮಾಪಕ ಇರಲಿ: ಚಿಕ್ಕಮಗಳೂರು ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಚಿಕ್ಕಮಗಳೂರು,
ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಪ್ರಾಂಶುಪಾಲರು,
ಎಲ್ಲ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಹಾಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ

ಮಾನ್ಯರೇ,

ಬರುವ ಶೈಕ್ಷಣಿಕ ವರ್ಷದಿಂದ ಜಿಲ್ಲೆಯ ಪ್ರತಿ ಹಿರಿಯ ಪ್ರಾಥಮಿಕ ಶಾಲೆ ಮತ್ತು ಪ್ರೌಢಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಡಿಸಿ, ಅದರ ಲೆಕ್ಕದ ಪುಸ್ತಕದಿಂದಲೇ ಹವಾಮಾನ ಬದಲಾವಣೆಯ ಪಾಠ ಶುರುಮಾಡಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ. ಇದಕ್ಕೆ ಹೊಸ ಪಠ್ಯಕ್ರಮ ಬೇಡ, ದೊಡ್ಡ ಅನುದಾನವೂ ಬೇಡ. ಒಂದು ಸುತ್ತೋಲೆ, ಎರಡು ದಿನದ ತರಬೇತಿ, ಶಾಲೆಯೊಂದಕ್ಕೆ ಸಾವಿರ ರೂಪಾಯಿ ಆಸುಪಾಸಿನ ಸಾಮಾನು ಸಾಕು. ಆದರೆ ತಪ್ಪಾಗಿ ಅಳೆದು ಬರೆದಿಟ್ಟ ಲೆಕ್ಕ, ಲೆಕ್ಕವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಅದಕ್ಕಾಗಿಯೇ ವಿವರ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಪರಿಸರ ಶಿಕ್ಷಣ ಎಲ್ಲ ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲೇ ಹೇಳಿದೆ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಬರುವ ಹಕ್ಕು ಎಂದು ಅದೇ ನ್ಯಾಯಾಲಯ 2024ರಲ್ಲಿ ಗುರುತಿಸಿದೆ. ಪಾಠವೇನೋ ಪುಸ್ತಕದಲ್ಲಿದೆ. ಜೂನ್ 5ಕ್ಕೆ ಗಿಡ ನೆಡುವುದು, ಚಿತ್ರ ಬರೆಯುವ ಸ್ಪರ್ಧೆ, ಭಾಷಣ ಎಲ್ಲವೂ ನಡೆಯುತ್ತಿವೆ. ಇಷ್ಟಾದರೂ ಹತ್ತನೇ ತರಗತಿ ಮುಗಿಸಿದ ಹುಡುಗಿಯನ್ನು ಭೂಮಿ ಏಕೆ ಬಿಸಿಯಾಗುತ್ತಿದೆ ಎಂದು ಕೇಳಿದರೆ, ಓಝೋನ್ ಪದರದಲ್ಲಿ ತೂತು ಬಿದ್ದು ಬಿಸಿಲು ಜಾಸ್ತಿ ಒಳಗೆ ಬರುತ್ತಿದೆ ಎನ್ನುತ್ತಾಳೆ. ಇಲ್ಲವೇ ಪ್ಲಾಸ್ಟಿಕ್ ಕಾರಣ ಎನ್ನುತ್ತಾಳೆ. ಎರಡೂ ತಪ್ಪು. ಓಝೋನ್ ಪದರ ತೆಳ್ಳಗಾಗಿದ್ದು ಬೇರೆ ಅನಿಲಗಳಿಂದ, ಅದರಿಂದ ಹೆಚ್ಚುವುದು ಅತಿನೇರಳೆ ಕಿರಣ. ಭೂಮಿ ಬಿಸಿಯಾಗಲು ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಸುಟ್ಟು ಬರುವ ಕಾರ್ಬನ್ ಡೈಆಕ್ಸೈಡ್. ನೆಲದಿಂದ ಮೇಲೇಳುವ ಶಾಖ ಆಕಾಶಕ್ಕೆ ಸಲೀಸಾಗಿ ಹೋಗದಂತೆ ಅದು ತಡೆಯುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಕೈಗಾರಿಕೆಗಳು ಬರುವ ಮೊದಲು ಹತ್ತು ಲಕ್ಷಕ್ಕೆ ಸುಮಾರು 280 ಭಾಗವಿತ್ತು. ಹವಾಯಿ ದ್ವೀಪದ ಮೌನಾ ಲೋವಾದಲ್ಲಿ 1958ರಲ್ಲಿ ನಿರಂತರವಾಗಿ ಅಳೆಯಲು ತೊಡಗಿದಾಗ ಸುಮಾರು 315 ಇತ್ತು. ಈಗ 420 ದಾಟಿದೆ. ಇಷ್ಟನ್ನು ಮಕ್ಕಳು ಬಾಯಿಪಾಠ ಮಾಡಬಹುದು. ಆದರೆ ಅಳತೆ ಎಂದರೇನು, ಸರಾಸರಿ ಎಂದರೇನು, ಒಂದು ವರ್ಷದ ಏರುಪೇರಿಗೂ ಮೂವತ್ತು ವರ್ಷದ ಬದಲಾವಣೆಗೂ ಇರುವ ಅಂತರ ಏನು ಎಂದು ಕೈಯಾರೆ ತಿಳಿಯದವರಿಗೆ ಈ ಅಂಕಿಗಳು ತಲೆಗೆ ಇಳಿಯುವುದಿಲ್ಲ.

ಇದನ್ನು ಕಲಿಸಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಶೃಂಗೇರಿಯಲ್ಲಿ ಅದು 3,000 ದಾಟುತ್ತದೆ. ಒಂದೇ ಜಿಲ್ಲಾಧಿಕಾರಿ ಕಚೇರಿಯ ಕೆಳಗೆ ರಾಗಿ, ತೆಂಗಿನ ಬಯಲು ಸೀಮೆಯೂ ಇದೆ, ಅಡಿಕೆ, ಕಾಫಿ, ಮೆಣಸಿನ ಮಲೆನಾಡೂ ಇದೆ. ಪಕ್ಕದ ಹಾಸನದಲ್ಲೂ ಅರಸೀಕೆರೆ ಮತ್ತು ಸಕಲೇಶಪುರದ ನಡುವೆ ಇದೇ ಕಥೆ. ಅಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಂತೋ ಇಲ್ಲವೋ ಎನ್ನುವುದು ಮೋಡ ಮುಚ್ಚಿದ ದಿನಗಳ ಲೆಕ್ಕ.

ಕಾಫಿಯನ್ನೇ ತೆಗೆದುಕೊಳ್ಳಿ. ರೋಬಸ್ಟಾಗೆ ಫೆಬ್ರವರಿ–ಮಾರ್ಚ್‌ನಲ್ಲಿ, ಅರೇಬಿಕಾಗೆ ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬೇಕು. ಮಳೆ ಬಿದ್ದು ಒಂದು ವಾರದಿಂದ ಹತ್ತು ದಿನದೊಳಗೆ ಹೂವು ಬಿಡುತ್ತದೆ. ಆಮೇಲೆ ಹದಿನೈದು–ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲದಿದ್ದರೆ ಕಚ್ಚಿದ ಕಾಯಿ ಉದುರುತ್ತದೆ. ಅರ್ಧ ಇಂಚೂ ಆಗದ ಮಳೆ ಬಂದರೆ ಮೊಗ್ಗು ಪೂರ್ತಿ ಅರಳದೆ ನಿಂತುಬಿಡುತ್ತದೆ. ಹೂವು ಬಿಟ್ಟ ದಿನವೇ ಮಳೆ ಹೊಡೆದರೆ ಪರಾಗಸ್ಪರ್ಶ ಕೆಡುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕಾದ್ದರಿಂದ ಪೆಟ್ಟೂ ಹೆಚ್ಚು. ಜನವರಿಯಲ್ಲೇ ಮಳೆ ಬಂದರೆ ಕೊಯ್ಲು ಮುಗಿಯದ ಗಿಡದಲ್ಲಿ ಹೂವು, ಕಣದಲ್ಲಿ ಹರಡಿದ ಹಣ್ಣಿಗೆ ಬೂಸಲು. ಎಷ್ಟು ಮಿಲಿಮೀಟರ್, ಯಾವ ತಾರೀಖು ಎಂಬ ಎರಡು ಅಂಕಿಗಳ ಮೇಲೆ ಒಂದು ಮನೆಯ ವರ್ಷದ ಆದಾಯ ನಿಂತಿದೆ ಎಂಬುದು ಇಲ್ಲಿನ ಮಕ್ಕಳಿಗೆ ಆಗಲೇ ಗೊತ್ತು. ಆ ತಿಳಿವಳಿಕೆಯನ್ನು ಬಿಟ್ಟು ಉತ್ತರ ಧ್ರುವದ ಕರಡಿಯಿಂದ ಪಾಠ ಶುರುಮಾಡುವುದು ಕೈಲಿದ್ದ ಅವಕಾಶ ಕಳೆದುಕೊಂಡಂತೆ.

ಈಗ ಮಾಪಕದ ವಿಷಯ. ಎರಡು ಲೀಟರ್ ಬಾಟಲಿ ಕತ್ತರಿಸಿ, ಮೇಲ್ಭಾಗ ಬೋರಲು ಹಾಕಿ, ಸ್ಕೇಲ್ ಅಂಟಿಸುವ ವಿಧಾನ ಎಲ್ಲ ಕಡೆ ಪ್ರಚಾರದಲ್ಲಿದೆ. ಅದು ಬೇಡ. ಬಾಟಲಿಯ ತಳ ಉಬ್ಬುತಗ್ಗು, ನಡು ಕಿರಿದು. ಸ್ಕೇಲ್‌ನ ಒಂದು ಮಿಲಿಮೀಟರ್ ಎಂದರೆ ಮಳೆಯ ಒಂದು ಮಿಲಿಮೀಟರ್ ಆಗಿರುವುದಿಲ್ಲ. ನಮ್ಮ ಸಲಹೆ ಹೀಗಿದೆ. ಪ್ಲಂಬಿಂಗ್ ಕೆಲಸದಲ್ಲಿ ಉಳಿಯುವ 110 ಮಿಲಿಮೀಟರ್ ಪಿವಿಸಿ ಪೈಪಿನ 15 ಸೆಂಟಿಮೀಟರ್ ತುಂಡು ತನ್ನಿ. ಮೇಲಿನ ಅಂಚನ್ನು ಹೊರಗಡೆಯಿಂದ ಓರೆಯಾಗಿ ಅರದಿಂದ ಉಜ್ಜಿ ಚೂಪು ಮಾಡಿ. ದಪ್ಪ ಅಂಚಿನ ಮೇಲೆ ಬಿದ್ದ ಹನಿ ಒಳಗೋ ಹೊರಗೋ ಎಂದು ಹೇಳಲಾಗುವುದಿಲ್ಲ. ಪೈಪಿನ ಕೆಳಗೆ ಅದರ ಬಾಯಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಆಲಿಕೆ ಇಟ್ಟು, ಸಂದು ಉಳಿಯದಂತೆ ಸಿಲಿಕಾನ್ ಅಂಟಿನಿಂದ ಮುಚ್ಚಿ. ಆಲಿಕೆಯ ಮೂತಿ ಐದು ಲೀಟರಿನ ಎಣ್ಣೆ ಕ್ಯಾನಿನ ಬಾಯಿಗೆ ಇಳಿಯಲಿ. ಕ್ಯಾನನ್ನು ಮೊದಲು ಸೋಪು ಹಾಕಿ ಎರಡು ಸಲ ತೊಳೆದಿರಬೇಕು. ಇಡೀ ಜೋಡಣೆಯನ್ನು ಒಂದು ಹಳೆಯ ಬಕೆಟ್ಟಿನೊಳಗೆ ಕೂರಿಸಿ, ಬಕೆಟ್ಟನ್ನು ನೆಲದಲ್ಲಿ ಹೂತು, ಸುತ್ತ ಮಣ್ಣು ಗಟ್ಟಿಮಾಡಿ. ಪೈಪಿನ ಅಂಚು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ, ಸ್ಪಿರಿಟ್ ಲೆವೆಲ್ ಇಟ್ಟು ನೋಡಿದರೆ ಸಮಮಟ್ಟದಲ್ಲಿ ಇರಬೇಕು. ಬಕೆಟ್ಟಿನ ತಳಕ್ಕೆ ತೂತು ಕೊರೆದಿರದಿದ್ದರೆ ಜುಲೈನಲ್ಲಿ ಅದರೊಳಗೆ ನೀರು ನಿಂತು ಕ್ಯಾನು ತೇಲಿ, ಆಲಿಕೆ ಕಳಚಿಕೊಳ್ಳುತ್ತದೆ.

ಅಳತೆಯ ಲೆಕ್ಕ ಏಳನೇ ತರಗತಿಯ ಮಕ್ಕಳಿಗೇ ಬಿಡಿ. ಪೈಪಿನ ಒಳವ್ಯಾಸವನ್ನು ಎರಡು ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಲಿ. 110 ಎನ್ನುವುದು ಹೊರವ್ಯಾಸ. ಒಳವ್ಯಾಸ ಪೈಪಿನ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ. ಒಳವ್ಯಾಸ 10.4 ಸೆಂಟಿಮೀಟರ್ ಬಂತು ಎಂದುಕೊಳ್ಳಿ. ತ್ರಿಜ್ಯ 5.2, ವಿಸ್ತೀರ್ಣ 3.14 × 5.2 × 5.2, ಅಂದರೆ ಸುಮಾರು 84.9 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಕ್ಯಾನಿಗೆ ಸುಮಾರು 8.5 ಮಿಲಿಲೀಟರ್ ನೀರು ಬರುತ್ತದೆ. ಅಳತೆಯ ಜಾಡಿಯಲ್ಲಿ ಬಂದ ಮಿಲಿಲೀಟರನ್ನು 8.5ರಿಂದ ಭಾಗಿಸಿದರೆ ಮಳೆ ಸಿಕ್ಕಿತು. ಐದು ಲೀಟರ್ ಕ್ಯಾನು ತುಂಬಬೇಕಾದರೆ 580 ಮಿಲಿಮೀಟರಿಗೂ ಹೆಚ್ಚು ಮಳೆ ಬೇಕು, ಹಾಗಾಗಿ ಕಳಸ, ಶೃಂಗೇರಿಯ ಆಗಸ್ಟ್‌ಗೂ ಅದು ಸಾಲುತ್ತದೆ. ಇದೇ ಜಾಗದಲ್ಲಿ ಅಗಲವಾದ ಆಲಿಕೆ, ಸಣ್ಣ ಬಾಟಲಿ ಇಟ್ಟರೆ ಮಳೆ ಜೋರಾಗಿ ಬಂದ ದಿನವೇ ನೀರು ಉಕ್ಕಿ ಹೋಗಿ ಲೆಕ್ಕ ತಪ್ಪುತ್ತದೆ. ಅಳೆಯಲು 100 ಮಿಲಿಲೀಟರಿನ ಒಂದು ಜಾಡಿ, 500 ಮಿಲಿಲೀಟರಿನ ಇನ್ನೊಂದು ಬೇಕು. 150 ಮಿಲಿಮೀಟರ್ ಬಿದ್ದ ದಿನ ಕ್ಯಾನಿನಲ್ಲಿ ಹತ್ತಿರ ಹತ್ತಿರ 1,275 ಮಿಲಿಲೀಟರ್ ಇರುತ್ತದೆ. ಸಣ್ಣ ಜಾಡಿಯೊಂದರಲ್ಲೇ ಹದಿಮೂರು ಸಲ ಸುರಿಯುವಾಗ ಎಣಿಕೆ ತಪ್ಪುವುದು ಖಂಡಿತ. ಪ್ರತಿ ಸಲ ಸುರಿದಾಗಲೂ ಒಬ್ಬರು ಗೀಟು ಹಾಕುತ್ತ ಹೋಗಲಿ. ನೀರಿನ ಮಟ್ಟವನ್ನು ಕಣ್ಣಿನ ನೇರಕ್ಕೆ ಹಿಡಿದು, ಬಾಗಿದ ಮೇಲ್ಮೈಯ ತಗ್ಗಿನಲ್ಲಿ ಓದಬೇಕು.

ಎಲ್ಲಿ ಇಡುವುದು ಎನ್ನುವುದು ಹೇಗೆ ಮಾಡುವುದು ಎನ್ನುವಷ್ಟೇ ಮುಖ್ಯ. ಕಟ್ಟಡವೋ ಮರವೋ ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕೆಂಬುದು ನಿಯಮ. ಆರು ಮೀಟರ್ ಎತ್ತರದ ಶಾಲಾ ಕಟ್ಟಡದಿಂದ ಹನ್ನೆರಡು ಮೀಟರ್ ದೂರ ಸಾಧ್ಯ. ಆದರೆ ತೋಟದ ನಡುವಿನ ಶಾಲೆಯ ಸುತ್ತ ಇಪ್ಪತ್ತು ಮೀಟರಿನ ಸಿಲ್ವರ್ ಓಕ್ ಇದ್ದರೆ ನಲವತ್ತು ಮೀಟರ್ ಬಯಲು ಎಲ್ಲಿಂದ ತರುವುದು? ಅಂಥ ಕಡೆ ಇದ್ದುದರಲ್ಲಿ ಅತಿ ತೆರೆದ ಜಾಗ ಆರಿಸಿ, ಸುತ್ತಲಿನ ಮರ, ಗೋಡೆಗಳ ದೂರ ಮತ್ತು ಎತ್ತರವನ್ನು ಪುಸ್ತಕದ ಮೊದಲ ಪುಟದಲ್ಲೇ ನಕ್ಷೆ ಬರೆದು ಗುರುತಿಸಲಿ, ಆಮೇಲೆ ಜಾಗ ಬದಲಿಸದಿರಲಿ. ಚಾವಣಿಯ ಮೇಲೆ ಇಡಲೇಬಾರದು. ಅಲ್ಲಿ ಗಾಳಿ ಹನಿಗಳನ್ನು ಹೊತ್ತೊಯ್ದು ಮಳೆ ಕಡಿಮೆ ತೋರಿಸುತ್ತದೆ. ಸಿಮೆಂಟ್ ನೆಲವೂ ಬೇಡ, ಹನಿ ಸಿಡಿದು ಒಳಗೆ ಬೀಳುತ್ತದೆ, ಹುಲ್ಲಿನ ನೆಲ ಒಳ್ಳೆಯದು. ಆಟದ ಮೈದಾನವಾದರೆ ಚೆಂಡು ಬಡಿಯುತ್ತದೆ, ದನ ಬರುತ್ತದೆ, ಆದ್ದರಿಂದ ಸುತ್ತ ಬೇಲಿ ಹಾಕಿ, ಎರಡು ಪಟ್ಟು ದೂರದ ನಿಯಮ ಬೇಲಿಗೂ ಇರಲಿ. ವಾರಕ್ಕೊಮ್ಮೆ ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡಿದೆಯೇ, ಬೇಸಿಗೆಯಲ್ಲಿ ಕಣಜವೋ ಇರುವೆಯೋ ಗೂಡು ಕಟ್ಟಿದೆಯೇ ನೋಡಬೇಕು. ಏಪ್ರಿಲ್‌ನ ಮೊದಲ ಮಳೆಯ ಲೆಕ್ಕ ತಪ್ಪಲು ಈ ಗೂಡೇ ಕಾರಣವಾಗಬಹುದು.

ಓದುವ ಹೊತ್ತು ದೇಶದಾದ್ಯಂತ ಬೆಳಿಗ್ಗೆ 8.30. ಹಿಂದಿನ 24 ಗಂಟೆಯ ಮಳೆಯನ್ನು ಓದಿದ ದಿನದ ತಾರೀಖಿಗೇ ಬರೆಯುವುದು ಪದ್ಧತಿ. ಶಾಲೆ ಪ್ರಾರ್ಥನೆಯ ಹೊತ್ತಿಗೇ ಓದಲು ಸಾಧ್ಯವಾದರೆ ಹಾಗೆಯೇ ಮಾಡಲಿ, ಆದರೆ ದಿನವೂ ಅದೇ ಹೊತ್ತು ಇರಲಿ, ಪುಸ್ತಕದ ಮೇಲೆ ಅದನ್ನು ನಮೂದಿಸಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಶಾಲೆಯ ಅಂಕಿಯನ್ನು ಪಂಚಾಯಿತಿಯ ಅಂಕಿಯ ಪಕ್ಕ ಇಟ್ಟು ನೋಡುವಾಗ ಈ ಹೊತ್ತಿನ ವ್ಯತ್ಯಾಸ ನೆನಪಿರಬೇಕು. ಎರಡೂ ಒಂದೇ ಬರಲಿಲ್ಲವೆಂದು ಯಾರೂ ಗಾಬರಿಯಾಗಬೇಕಿಲ್ಲ. ಬೇಸಿಗೆಯ ಗುಡುಗು ಮಳೆ ಒಂದು ತೋಟಕ್ಕೆ ಬಿದ್ದು ಪಕ್ಕದ ತೋಟವನ್ನು ಬಿಟ್ಟುಹೋಗುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಇಡೀ ಯೋಜನೆ ಮುಗ್ಗರಿಸುವುದು ರಜೆಯಲ್ಲಿ. ಭಾನುವಾರ, ದಸರಾ ರಜೆ, ಬೇಸಿಗೆ ರಜೆ ಒಂದು ಕಡೆ. ಇನ್ನೊಂದು ಕಡೆ, ಮಳೆ ಅತಿ ಜೋರಾಗಿ ಬರುವ ದಿನವೇ ಜಿಲ್ಲಾಡಳಿತ ಶಾಲೆಗೆ ರಜೆ ಕೊಡುತ್ತದೆ, ಕೊಡಲೇಬೇಕು. ಅಂದರೆ ಯಾವ ದಿನದ ಅಂಕಿ ಎಲ್ಲಕ್ಕಿಂತ ಬೆಲೆಯುಳ್ಳದ್ದೋ ಅದೇ ದಿನ ಪುಸ್ತಕ ಖಾಲಿ ಉಳಿಯುವ ಅಪಾಯ. ಇದಕ್ಕಾಗಿ ಮಕ್ಕಳನ್ನು ಮಳೆಯಲ್ಲಿ ಕರೆಸಬಾರದು, ಕಾಲುಸಂಕ ದಾಟಿ ಬರುವ ಮಕ್ಕಳನ್ನಂತೂ ಯಾವ ಕಾರಣಕ್ಕೂ ಕರೆಸಬಾರದು. ಶಾಲೆಯ ಪಕ್ಕದ ಮನೆಯವರೋ ಬಿಸಿಯೂಟದ ಅಡುಗೆಯವರೋ ಒಪ್ಪಿದರೆ ಅವರಿಗೆ ಕಲಿಸಿ, ಪುಸ್ತಕದಲ್ಲಿ ಅವರ ಹೆಸರನ್ನೂ ಬರೆಯಿರಿ. ಯಾರೂ ಸಿಗದಿದ್ದರೆ ಕ್ಯಾನಿನಲ್ಲಿ ನೀರು ಹಾಗೇ ಇರಲಿ. ಶಾಲೆ ತೆರೆದ ದಿನ ಅಳೆದು, 'ಮೂರು ದಿನದ ಒಟ್ಟು' ಎಂದು ಆವರಣ ಹಾಕಿ ಬರೆಯಲಿ. ಅದನ್ನು ಮೂರರಿಂದ ಭಾಗಿಸಿ ಪುಸ್ತಕದ ಮೂರು ಮನೆಗಳಲ್ಲಿ (ಚೌಕಗಳಲ್ಲಿ) ತುಂಬಬಾರದು. ಹಾಗೆ ಮಾಡಿದರೆ 200 ಮಿಲಿಮೀಟರಿನ ಒಂದು ಭಾರಿ ದಿನ ಮೂರು ಸಾಧಾರಣ ದಿನಗಳಾಗಿ ಕರಗಿಹೋಗುತ್ತದೆ. ಓದದ ದಿನ ಸೊನ್ನೆ ಬರೆಯುವುದು ಇದಕ್ಕಿಂತಲೂ ದೊಡ್ಡ ತಪ್ಪು. ಸೊನ್ನೆ ಎಂದರೆ ನೋಡಿದೆವು, ಮಳೆ ಇರಲಿಲ್ಲ ಎಂದರ್ಥ. ನೋಡದಿದ್ದರೆ 'ಓದಿಲ್ಲ' ಎಂದೇ ಬರೆಯಬೇಕು. ಪುಸ್ತಕ ಪರಿಶೀಲಿಸಲು ಬರುವ ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) 'ಓದಿಲ್ಲ' ಎಂದಿರುವುದಕ್ಕೆ ಶಿಕ್ಷಕರನ್ನು ಗದರಿದರೆ, ಮರುದಿನದಿಂದ ಎಲ್ಲ ಮನೆಗಳೂ ತುಂಬಿರುತ್ತವೆ, ಆದರೆ ನಂಬುವಂತಿರುವುದಿಲ್ಲ. ಇದು ನಿಮ್ಮ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರಬೇಕೆಂದು ನಮ್ಮ ಒತ್ತಾಯ.

ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು ಕೇಳಿಸಿದರೆ ಮಾಪಕದ ಹತ್ತಿರ ಯಾರೂ ಹೋಗಬಾರದು ಎಂಬುದನ್ನೂ ಪುಸ್ತಕದ ರಟ್ಟಿನ ಮೇಲೆ ಬರೆಸಿ.

ಒಂದು ವರ್ಷದ ಪುಸ್ತಕದಲ್ಲಿ ಹವಾಮಾನ ಬದಲಾವಣೆ ಕಾಣುವುದಿಲ್ಲ. ಐದು ವರ್ಷದ್ದರಲ್ಲೂ ಕಾಣುವುದಿಲ್ಲ. ಇದನ್ನು ಶಿಕ್ಷಕರು ಮೊದಲ ದಿನವೇ ಮಕ್ಕಳಿಗೆ ಹೇಳಬೇಕು. ವಿಶ್ವ ಹವಾಮಾನ ಸಂಸ್ಥೆ ಸರಾಸರಿ ತೆಗೆಯುವುದು ಮೂವತ್ತು ವರ್ಷಕ್ಕೆ, ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಹಾಗಾದರೆ ಮಕ್ಕಳು ಹಳೆಯ ಲೆಕ್ಕವನ್ನು ಎಲ್ಲಿಂದ ತರಬೇಕು? ಇಲ್ಲಿ ನಮ್ಮ ಜಿಲ್ಲೆಗೆ ಹೆಚ್ಚಿನ ಜಿಲ್ಲೆಗಳಿಗಿಲ್ಲದ ಆಸ್ತಿಯೊಂದಿದೆ. ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಮಳೆ ಪುಸ್ತಕ ಇಡುವ ರೂಢಿಯಿದೆ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಶುರುವಾದದ್ದು. ಪ್ರತಿ ಕ್ಲಸ್ಟರಿನಲ್ಲಿ ಒಂದು ತೋಟದ ಹಳೆಯ ಪುಸ್ತಕವನ್ನು, ಮಾಲೀಕರ ಒಪ್ಪಿಗೆ ಪಡೆದು, ಫೋಟೋ ತೆಗೆದು ನಕಲು ಮಾಡಿಕೊಂಡರೆ ಸಾಕು. ಮೂಲ ಪುಸ್ತಕ ಶಾಲೆಗೆ ಬರುವುದು ಬೇಡ, ಕಳೆದುಹೋದರೆ ತುಂಬಿಕೊಡಲಾಗದ ವಸ್ತು ಅದು.

ಆ ಪುಸ್ತಕಗಳಲ್ಲಿ ಲೆಕ್ಕ ಇರುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. 'ಒಂದು ಇಂಚು ಇಪ್ಪತ್ತು ಸೆಂಟು' ಎಂದರೆ 30.5 ಮಿಲಿಮೀಟರ್. ಎಂಟನೇ ತರಗತಿಯ ದಶಮಾಂಶ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೇ? ಪರಿವರ್ತಿಸಿದ ಮೇಲೆ ಪ್ರತಿ ವರ್ಷಕ್ಕೂ ಐದು ಅಂಕಿ ತೆಗೆಯಲಿ. ವರ್ಷದ ಒಟ್ಟು ಮಳೆ, 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದ ಮಳೆ ದಿನಗಳು, ಹವಾಮಾನ ಇಲಾಖೆ ಭಾರಿ ಮಳೆ ಎನ್ನುವ 64.5 ಮಿಲಿಮೀಟರ್ ದಾಟಿದ ದಿನಗಳು, ಜೂನ್–ಸೆಪ್ಟೆಂಬರಿನೊಳಗೆ ಮಳೆಯಿಲ್ಲದೆ ಸತತವಾಗಿ ಹೋದ ಅತಿ ಹೆಚ್ಚು ದಿನಗಳು, ಮತ್ತು ವರ್ಷದಲ್ಲಿ ಮೊದಲ ಬಾರಿ ಒಂದೇ ದಿನ ಒಂದು ಇಂಚು ದಾಟಿದ ತಾರೀಖು. ಒಟ್ಟು ಮಳೆಯನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ. 2,000 ಮಿಲಿಮೀಟರ್ 120 ದಿನದಲ್ಲಿ ಬಂದರೆ ದಿನಕ್ಕೆ ಸರಾಸರಿ 16.7, ಅಷ್ಟೇ ಮಳೆ 90 ದಿನದಲ್ಲಿ ಬಂದರೆ 22.2. ಒಟ್ಟು ಒಂದೇ ಆದರೂ ಮಣ್ಣಿಗೆ, ಅಡಿಕೆಯ ಕೊಳೆಗೆ, ಮೆಣಸಿನ ಸೊರಗು ರೋಗಕ್ಕೆ ಎರಡೂ ಒಂದೇ ಅಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ ಎಂಬ ಭೌತವಿಜ್ಞಾನದ ಪಾಠವನ್ನು ಇಲ್ಲಿ ಸೇರಿಸಬಹುದು.

ಹತ್ತು ಹತ್ತು ವರ್ಷಗಳ ಸರಾಸರಿ ತೆಗೆದು ಗ್ರಾಫ್ ಹಾಳೆಯಲ್ಲಿ ಬರೆದಾಗ ಬದಲಾವಣೆ ಕಂಡರೆ ಸರಿ. ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಬೇಕು. ನಡುವೆ ಮಾಪಕದ ಜಾಗ ಬದಲಾಯಿತೇ, ಪಕ್ಕದ ಮರ ಬೆಳೆದು ಮಳೆ ತಡೆಯಿತೇ, ಲೆಕ್ಕ ಬರೆಯುವ ರೈಟರ್ ಬದಲಾದರೇ ಎಂದು ಕೇಳುವುದೂ ಪಾಠದ ಭಾಗ. ಶಿಕ್ಷಕರು ಮೊದಲೇ ಉತ್ತರ ಹೇಳಿಕೊಟ್ಟು ಅದಕ್ಕೆ ತಕ್ಕ ಗ್ರಾಫ್ ಬರೆಸಿದರೆ ಇಷ್ಟೆಲ್ಲ ಶ್ರಮ ವ್ಯರ್ಥ. ಜಗತ್ತಿನ ಸರಾಸರಿ ಉಷ್ಣತೆ ಏರಿದೆ ಎಂಬುದಕ್ಕೆ ಸಾವಿರಾರು ಕೇಂದ್ರಗಳ ದಾಖಲೆ ಇದೆ, 2024 ಇದುವರೆಗಿನ ದಾಖಲೆಗಳಲ್ಲೇ ಅತಿ ಬಿಸಿಯ ವರ್ಷ. ಒಂದು ಊರಿನ ಮಳೆ ಪುಸ್ತಕ ಅದಕ್ಕೆ ಸಾಕ್ಷಿ ಹೇಳಬೇಕಾಗಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದು ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ಸಂಭವವಿರುವ ವರ್ಷ ಎಂಬುದನ್ನು ಹೇಳದೆ ಬರೀ ಹವಾಮಾನ ಬದಲಾವಣೆಯ ಹೆಸರು ಹೇಳಿದರೆ, ಮರುವರ್ಷ ಚೆನ್ನಾಗಿ ಮಳೆಯಾದಾಗ ಮಕ್ಕಳು ಶಿಕ್ಷಕರನ್ನು ನಂಬುವುದಿಲ್ಲ.

ಇದೇ ಪುಸ್ತಕದಲ್ಲಿ ಮಳೆ ನಕ್ಷತ್ರಗಳಿಗೂ ಒಂದು ಕಾಲಂ ಇರಲಿ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ಅಜ್ಜಿ 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂದಾಗ, ಕಳೆದ ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಭರಣಿಯಲ್ಲಿ ಮಳೆ ಬಂದಿದೆ ಎಂದು ಮಗು ಎಣಿಸಿ ಹೇಳಬಹುದು. ಮನೆಯ ಮಾತೂ ಶಾಲೆಯ ಗಣಿತವೂ ಒಂದೇ ಪುಟದಲ್ಲಿ ಕೂಡುತ್ತವೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಶಿಕ್ಷಕರೂ ಇದ್ದಾರೆ. ರೈತನ ಪಾಲಿಗೆ ಅದು ಪಂಚಾಂಗದ ರೂಪದಲ್ಲಿರುವ ದಿನದರ್ಶಿಕೆ, ಅಷ್ಟರ ಮಟ್ಟಿಗೆ ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಪ್ರಯೋಗಗಳ ಬಗ್ಗೆ ಒಂದೆರಡು ಮಾತು. ಒಂದು ಬಾಟಲಿಯಲ್ಲಿ ಅಡುಗೆ ಸೋಡಾ ಮತ್ತು ವಿನಿಗರ್ ಹಾಕಿ ಕಾರ್ಬನ್ ಡೈಆಕ್ಸೈಡ್ ತುಂಬಿ, ಇನ್ನೊಂದರಲ್ಲಿ ಬರೀ ಗಾಳಿ ಇಟ್ಟು, ದೀಪದ ಕೆಳಗೆ ಯಾವುದು ಬೇಗ ಬಿಸಿಯಾಗುತ್ತದೆ ಎಂದು ತೋರಿಸುವುದು ವಿಜ್ಞಾನ ಮೇಳಗಳಲ್ಲಿ ಸಾಮಾನ್ಯ. ದಯವಿಟ್ಟು ಇದನ್ನು ಕೈಬಿಡಿಸಿ. ಅಷ್ಟು ಸಣ್ಣ ಬಾಟಲಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ಮುಖ್ಯ ಕಾರಣ ಆ ಅನಿಲ ಗಾಳಿಗಿಂತ ಭಾರವಾಗಿದ್ದು ಒಳಗಿನ ಶಾಖ ಮೇಲೇರಿ ಹೋಗುವುದನ್ನು ತಡೆಯುವುದು. ವಾತಾವರಣದಲ್ಲಿ ನಡೆಯುವ ಕ್ರಿಯೆ ಅದಲ್ಲ. ಉತ್ತರ ಸರಿ ಬಂದರೂ ಕಾರಣ ತಪ್ಪು. ಬದಲಿಗೆ ಒಂದು ಗರಿಷ್ಠ–ಕನಿಷ್ಠ ಥರ್ಮಾಮೀಟರ್ ಕೊಂಡು, ಡಿಸೆಂಬರ್–ಜನವರಿಯಲ್ಲಿ ಪ್ರತಿ ರಾತ್ರಿಯ ಕನಿಷ್ಠ ಉಷ್ಣತೆಯನ್ನೂ ಆಕಾಶ ಶುಭ್ರವಾಗಿತ್ತೇ ಮೋಡವಿತ್ತೇ ಎಂಬುದನ್ನೂ ಬರೆಯಿಸಿ. ಕಡೂರು, ತರೀಕೆರೆಯ ಬಯಲಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೋಡವಿಲ್ಲದ ರಾತ್ರಿ ಚಳಿ ಹೆಚ್ಚು, ಮೋಡ ಕವಿದ ರಾತ್ರಿ ಕಡಿಮೆ. ನೆಲದ ಶಾಖವನ್ನು ಆಕಾಶಕ್ಕೆ ಬಿಡದೆ ಹಿಂದಕ್ಕೆ ಕಳಿಸುವ ಕೆಲಸವನ್ನು ಮೋಡ ಮತ್ತು ನೀರಾವಿ ಮಾಡುವುದನ್ನು ಮಕ್ಕಳು ತಮ್ಮ ಅಂಕಿಗಳಲ್ಲೇ ನೋಡುತ್ತಾರೆ. ಥರ್ಮಾಮೀಟರನ್ನು ಗೋಡೆಗೆ, ತಗಡಿನ ಮಾಡಿಗೆ ತಾಗಿಸಿ ನೇತುಹಾಕಬಾರದು. ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ, ನಾಲ್ಕೂ ಕಡೆ ಗಾಳಿಯಾಡುವ ಪಟ್ಟಿಗಳಿರುವ ಪೆಟ್ಟಿಗೆಯಲ್ಲಿ, ಬಾಗಿಲು ಉತ್ತರಕ್ಕೆ ಇರುವಂತೆ ಇಡಬೇಕು.

ಮಲೆನಾಡಿನ ಶಾಲೆಗಳಿಗೆ ಇನ್ನೊಂದು ಪ್ರಯೋಗ. ಒಂದೇ ಅಳತೆಯ ಮೂರು ಐದು ಲೀಟರ್ ಕ್ಯಾನುಗಳನ್ನು ಅಡ್ಡ ಮಲಗಿಸಿ ಮೇಲಿನ ಮೈ ಕತ್ತರಿಸಿ. ಒಂದರಲ್ಲಿ ಬರೀ ಮಣ್ಣು, ಒಂದರಲ್ಲಿ ಅದೇ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ದರಗು (ಉದುರಿದ ಒಣ ಎಲೆ), ಮೂರನೆಯದರಲ್ಲಿ ಬೇರುಸಹಿತ ಹುಲ್ಲಿನ ಹೆಂಟೆ. ಹಿಂಬದಿಗೆ ಒಂದು ಇಟ್ಟಿಗೆ ಕೊಟ್ಟು, ಬಾಯಿಯ ಕೆಳಗೆ ಪಾರದರ್ಶಕ ಬಾಟಲಿ ಇಡಿ. ಹಿಂದಿನ ದಿನವೇ ಮೂರಕ್ಕೂ ಸಮನಾಗಿ ನೀರು ಹನಿಸಿಡಬೇಕು, ಇಲ್ಲದಿದ್ದರೆ ಒಣ ಮಣ್ಣು ನೀರು ಕುಡಿದು ಫಲಿತಾಂಶ ಅಡಿಮೇಲಾಗುತ್ತದೆ. ಮುಚ್ಚಳಕ್ಕೆ ಹತ್ತು ತೂತು ಹಾಕಿದ ಬಾಟಲಿಯಿಂದ ಒಂದೊಂದಕ್ಕೂ ಒಂದು ಲೀಟರ್ ನೀರನ್ನು ಒಂದು ನಿಮಿಷದಲ್ಲಿ ಸುರಿದು, ಹರಿದು ಬಂದದ್ದನ್ನು ಅಳೆಯಿರಿ. ಬಾಟಲಿಯನ್ನು ಮರುದಿನದವರೆಗೆ ಅಲುಗಿಸದೆ ಇಟ್ಟು ಕೆಳಗೆ ಕೂತ ಹೂಳನ್ನೂ ಅಳೆಯಿರಿ. ಇನ್ನೊಂದು ದಿನ ಅದೇ ಒಂದು ಲೀಟರನ್ನು ಐದು ನಿಮಿಷ ತೆಗೆದುಕೊಂಡು ಸುರಿಯಿರಿ. ಮಳೆಯ ಪ್ರಮಾಣ ಒಂದೇ ಇದ್ದರೂ ಬೀಳುವ ವೇಗ ಬದಲಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಭಾಷಣದಿಂದ ಇಂಥ ಉತ್ತರ ಸಿಗುವುದಿಲ್ಲ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡ ಕುಟುಂಬಗಳ ಮಕ್ಕಳೂ ನಮ್ಮ ಶಾಲೆಗಳಲ್ಲಿದ್ದಾರೆ. ಆ ವಿಷಯ ತರಗತಿಗೆ ಬರುವಾಗ ಎರಡು ಎಚ್ಚರ ಬೇಕು. ಒಂದು, ಕಾರಣಗಳನ್ನು ಬಿಡಿಸಿ ಹೇಳುವುದು. ಕೆಲವೇ ದಿನಗಳಲ್ಲಿ ಸುರಿದ ಅತಿಯಾದ ಮಳೆ ಒಂದು ಕಾರಣ. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಎಂದು ಇಳಿಜಾರಿನ ಬುಡ ಕಡಿಯುವುದು, ನೀರು ಹರಿಯುವ ಹಳ್ಳದ ದಾರಿ ಮುಚ್ಚುವುದು ಬೇರೆ ಕಾರಣಗಳು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ನಾವು ಇಲ್ಲೇ ತಿದ್ದಿಕೊಳ್ಳಬಹುದಾದದ್ದು ಮರೆಯಾಗುತ್ತದೆ. ಎರಡು, ಹೆದರಿಸಿ ಬಿಡದೆ ಏನು ನೋಡಬೇಕು, ಏನು ಮಾಡಬೇಕು ಎಂದು ಕಲಿಸುವುದು. ನೆಲದಲ್ಲಿ ಹೊಸ ಬಿರುಕು, ಓರೆಯಾಗುತ್ತಿರುವ ಮರ ಅಥವಾ ಕರೆಂಟ್ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಒರತೆಯ ನೀರು, ಎಂದೂ ಇಲ್ಲದ ಕಡೆ ಉಕ್ಕುವ ಜಲ, ಚೌಕಟ್ಟಿಗೆ ಬಿಗಿದು ತೆಗೆಯಲು ಬಾರದ ಬಾಗಿಲು, ಇವುಗಳಲ್ಲಿ ಯಾವುದು ಕಂಡರೂ ಮನೆಯವರಿಗೂ ಪಂಚಾಯಿತಿಗೂ ತಿಳಿಸಿ ಇಳಿಜಾರಿನಿಂದ ದೂರ ಹೋಗಬೇಕು. ಇದನ್ನು ಐದನೇ ತರಗತಿಯಿಂದಲೇ ಕಲಿಸಬಹುದು.

ಕಾರ್ಬನ್ ಲೆಕ್ಕವನ್ನೂ ಹತ್ತಿರದಿಂದ ಮಾಡಿಸಬಹುದು. ಬಿಸಿಯೂಟದ 14.2 ಕಿಲೋ ಸಿಲಿಂಡರನ್ನು ಬ್ಯೂಟೇನ್ ಎಂದೇ ಇಟ್ಟುಕೊಂಡರೆ, 58 ಭಾಗ ಬ್ಯೂಟೇನ್ ಉರಿದಾಗ 176 ಭಾಗ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅಂದರೆ ಒಂದು ಸಿಲಿಂಡರಿನಿಂದ ಸುಮಾರು 43 ಕಿಲೋ. ಸಿಲಿಂಡರಿನ ತೂಕಕ್ಕಿಂತ ಹೊಗೆಯ ತೂಕ ಹೆಚ್ಚು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗಾಳಿಯ ಆಮ್ಲಜನಕ ಸೇರಿಕೊಂಡಿತು ಎಂಬ ಉತ್ತರದಲ್ಲಿ ಹತ್ತನೇ ತರಗತಿಯ ರಸಾಯನಶಾಸ್ತ್ರದ ಒಂದು ಅಧ್ಯಾಯವೇ ಇದೆ. ಆದರೆ ಲೆಕ್ಕ ಅಲ್ಲಿಗೆ ನಿಲ್ಲಬಾರದು. ಭಾರತದ ತಲಾ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದ್ದು ಸುಮಾರು 14 ಟನ್ ಎಂಬುದನ್ನೂ ಹೇಳಬೇಕು. ಕೂಲಿ ಮಾಡುವವರ ಮನೆಯ ಮಗುವಿನ ಮೇಲೆ ಭೂಮಿಯನ್ನು ಕೆಡಿಸಿದ ಹೊರೆ ಹೊರಿಸುವ ಪಾಠ ನ್ಯಾಯವಲ್ಲ.

ಗಿಡ ನೆಡುವ ಕಾರ್ಯಕ್ರಮಗಳಿಗೂ ತಿದ್ದುಪಡಿ ಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲು ಬರಡು ಜಾಗ ಅಲ್ಲ. ಕಣಿವೆಯ ಶೋಲಾ ಕಾಡೂ ಮೇಲಿನ ಹುಲ್ಲೂ ಸೇರಿಯೇ ಅಲ್ಲಿ ನೀರು ಹಿಡಿದಿಡುತ್ತವೆ, ಹುಲ್ಲುಗಾವಲಿನ ಕಾರ್ಬನ್ ಬಹುಪಾಲು ಮಣ್ಣಿನೊಳಗೇ ಇದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದು ಅಕೇಶಿಯಾ ನೆಡಿಸುವುದು, ಬೀಜದುಂಡೆ ಎಸೆಸುವುದು ಹಾನಿ. ಶಾಲೆಯ ಬೇಲಿಯಂಚಿಗೆ ಊರಿನದೇ ಜಾತಿಯ ಐದು ಗಿಡ ನೆಟ್ಟು, ಮೂರು ಬೇಸಿಗೆ ನೀರು ಹಾಕಿ, ಎಷ್ಟು ಉಳಿದವು ಎಂದು ಅದೇ ಪುಸ್ತಕದಲ್ಲಿ ಬರೆದರೆ ಸಾಕು.

ಇಲಾಖೆಯಿಂದ ನಾವು ಕೇಳುವುದು ಇಷ್ಟು. ಡಯಟ್‌ನಲ್ಲಿ ಶಾಲೆಗೊಬ್ಬರಂತೆ ಶಿಕ್ಷಕರಿಗೆ ಎರಡು ದಿನದ ತರಬೇತಿ ಕೊಡಿ. ಮೊದಲ ದಿನ ಮಾಪಕ ಕೈಯಾರೆ ಮಾಡಿ ಅಳೆಯುವುದು, ಎರಡನೇ ದಿನ ಹಳೆಯ ಪುಸ್ತಕದಿಂದ ಐದು ಅಂಕಿ ತೆಗೆದು ಗ್ರಾಫ್ ಬರೆಯುವುದು. ಬಯಲು ಸೀಮೆಯ ಒಂದು ಶಾಲೆಗೆ ಮಲೆನಾಡಿನ ಒಂದು ಶಾಲೆಯನ್ನು ಜೋಡಿ ಮಾಡಿ, ತಿಂಗಳಿಗೊಮ್ಮೆ ಮಕ್ಕಳು ಅಂಕಿಗಳನ್ನು ಪತ್ರದಲ್ಲಿ ಬರೆದು ಕಳಿಸಿಕೊಳ್ಳಲಿ. ಕಡೂರಿನ ಮಗು ವರ್ಷವಿಡೀ ಕಾಣುವ ಮಳೆಗಿಂತ ಹೆಚ್ಚು ಶೃಂಗೇರಿಯಲ್ಲಿ ಒಂದು ಜುಲೈಯಲ್ಲೇ ಬಿದ್ದಿರುವುದು ಆಗ ತಾನಾಗಿ ಕಾಣುತ್ತದೆ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಈ ಪುಸ್ತಕಕ್ಕೆ ಅಂಕ ಕೊಡುವಂತಾಗಲಿ, ಆದರೆ ಅಂಕ ಪ್ರಾಮಾಣಿಕವಾಗಿ ಬರೆದದ್ದಕ್ಕೆ ಸಿಗಲಿ, ಮನೆಗಳು ಭರ್ತಿಯಾಗಿರುವುದಕ್ಕೆ ಬೇಡ. ಇದನ್ನು ಅತ್ಯುತ್ತಮ ಶಾಲೆ ಸ್ಪರ್ಧೆ ಮಾಡಬೇಡಿ, ದಿನವೂ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೋ ಕಳಿಸಿ ಎಂದು ಹೇಳಬೇಡಿ, ಹೊಸ ಆ್ಯಪ್ ಬೇಡ. ಶಿಕ್ಷಕರ ಮೇಲೆ ಈಗಾಗಲೇ ಇರುವ ದಾಖಲೆಗಳ ಹೊರೆ ಸಾಕು. ಶಾಲೆಯಲ್ಲೇ ಉಳಿಯುವ ಒಂದು ಗಟ್ಟಿ ರಟ್ಟಿನ ಪುಸ್ತಕ, ಮುಖ್ಯ ಶಿಕ್ಷಕರು ವರ್ಗವಾಗಿ ಹೋಗುವಾಗ ದಾಸ್ತಾನು ಪಟ್ಟಿಯಲ್ಲಿ ಸೇರಿಸಿ ಮುಂದಿನವರಿಗೆ ವಹಿಸಿಕೊಡುವಂಥದ್ದು, ಅಷ್ಟೇ ಬೇಕಾಗಿರುವುದು.

ಸುತ್ತೋಲೆ ಏಪ್ರಿಲ್ ಒಳಗೆ ಹೊರಟರೆ ಮೇ ಕೊನೆಯಲ್ಲಿ ಶಾಲೆ ತೆರೆಯುವಾಗ ಪೈಪು ಕತ್ತರಿಸಿ ಮಾಪಕ ನಿಲ್ಲಿಸಲು ಸಮಯವಿರುತ್ತದೆ, ಮೃಗಶಿರಾ ಮಳೆ ಹುಟ್ಟುವ ಜೂನ್ 8ರ ಸುಮಾರಿಗೆ ಓದು ಶುರುವಾಗಬಹುದು. ಮಾಪಕದ ಅಳತೆಗಳ ನಕ್ಷೆ, ಪುಸ್ತಕದ ಪುಟದ ಮಾದರಿ, ಇಂಚು–ಸೆಂಟಿನ ಪರಿವರ್ತನಾ ಕೋಷ್ಟಕ ಇವನ್ನು ನೀವು ಕೇಳಿದ ದಿನವೇ ಕೊಡುತ್ತೇವೆ. ತರಬೇತಿಗೆ ಬಂದು ಶಿಕ್ಷಕರ ಜೊತೆ ಕೂತು ಮೊದಲ ಮಾಪಕ ಮಾಡಿಕೊಡಲೂ ಸಿದ್ಧರಿದ್ದೇವೆ, ಅದಕ್ಕೆ ಸಂಭಾವನೆ ಬೇಡ.

ವಿಶ್ವಾಸದಿಂದ,
ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕೆಲವು ವಿಜ್ಞಾನ ಶಿಕ್ಷಕರು ಹಾಗೂ ಮಳೆ ಲೆಕ್ಕ ಇಡುವ ಬೆಳೆಗಾರರು